ಸೋದರಿಕೆ ಸಂಬಂಧ: ಕೇಳದೆ ಉಳಿದ ಪ್ರಶ್ನೆ

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ನನ್ನ ಹೆಂಡತಿಯ ಅಣ್ಣ ಕೃಷ್ಣರಾಜನಗರ ತಾಲ್ಲೂಕಿನ ನಮ್ಮ ಮನೆಗೆ ಬಂದರು. ಊಟವಾಗಿ, ಎಲೆಅಡಿಕೆಯ ತಟ್ಟೆ ಮುಂದೆ ಬಂದಾಗ ಬಂದ ಕಾರಣವನ್ನು ಹೇಳಿದರು. ಅವರ ಮಗನಿಗೆ ನಮ್ಮ ಮಗಳನ್ನು ಕೊಡಬೇಕು. ಹುಡುಗ ಪಿರಿಯಾಪಟ್ಟಣದ ಕಡೆ ಜಮೀನು ನೋಡಿಕೊಂಡಿದ್ದಾನೆ, ಕೆಟ್ಟ ಅಭ್ಯಾಸವಿಲ್ಲ, ವರದಕ್ಷಿಣೆಯ ಮಾತಿಲ್ಲ. ಹುಡುಗಿ ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಮನೆಗೇ ಸೊಸೆಯಾಗಿ ಹೋಗುತ್ತಾಳೆ. ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಕ್ಕೀತು? ಹೆಂಡತಿಯ ಮುಖ ಅರಳಿತು. ನಾನು ಮಾತ್ರ ಜಗಲಿಯ ಮೇಲೆ ಕುಳಿತಿದ್ದ ಮಗನ ಕಡೆ ನೋಡಿದೆ. ಅವನಿಗೆ ಈ ಮಾತುಕತೆ ಯಾವುದೂ ಕೇಳಿಸಿರಲಿಲ್ಲ. ಅವನು ಹುಟ್ಟಿನಿಂದ ಕಿವುಡ.

ನಾನು ನನ್ನ ಸೋದರಮಾವನ ಮಗಳನ್ನು ಮದುವೆಯಾದವನು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಲೆಗಳಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಮೇಷ್ಟರಾಗಿ ದುಡಿದು ನಿವೃತ್ತನಾದವನು. ಶಾಲೆಗೆ ಸೇರಲು ಬರುತ್ತಿದ್ದ ಮಕ್ಕಳ ತಂದೆತಾಯಿಯರನ್ನು ಮಾತಿಗೆಳೆದರೆ, ಅವರು ಒಬ್ಬರಿಗೊಬ್ಬರು ಮದುವೆಗೆ ಮುಂಚೆಯೇ ಏನಾಗಬೇಕಿತ್ತು ಎಂಬುದು ಹತ್ತು ನಿಮಿಷದಲ್ಲಿ ತಿಳಿದುಬಿಡುತ್ತಿತ್ತು. ಅತ್ತೆಯ ಮಗ, ಮಾವನ ಮಗಳು, ಅಕ್ಕನ ಮಗಳು. ನಮ್ಮ ಸೀಮೆಯಲ್ಲಿ ಇದು ಅಪವಾದವಲ್ಲ, ವಾಡಿಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಶೇ 27ರಷ್ಟು ಮದುವೆಗಳು ರಕ್ತಸಂಬಂಧದಲ್ಲಿ ನಡೆದವು. ದೇಶದ ಸರಾಸರಿ ಶೇ 11ರ ಆಸುಪಾಸಿನಲ್ಲಿದೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರು ನಗರಗಳ ಆಸ್ಪತ್ರೆಗಳಲ್ಲಿ ಹೆರಿಗೆಯಾದ ತಾಯಂದಿರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು ವಿಚಾರಿಸಿದಾಗ ಸರಿಸುಮಾರು ಮೂರರಲ್ಲಿ ಒಂದು ಮದುವೆ ಸಂಬಂಧದೊಳಗೇ ಆಗಿದ್ದುದು ಕಂಡುಬಂದಿತ್ತು. ಅವುಗಳಲ್ಲಿ ಸೋದರಮಾವನಿಗೇ ಅಕ್ಕನ ಮಗಳನ್ನು ಕೊಟ್ಟ ಮದುವೆಗಳ ಪಾಲು ಗಣನೀಯವಾಗಿತ್ತು. ನಗರದಲ್ಲೇ ಹೀಗಿದ್ದರೆ ಹಳ್ಳಿಯ ಮಾತೇನು?

ಈ ಪದ್ಧತಿಯನ್ನು ಅಜ್ಞಾನವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಅದರ ಬೇರನ್ನು ಅರಿತವರಲ್ಲ. ದಕ್ಷಿಣದವರು ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವ ಆಚಾರವನ್ನು ಬೌಧಾಯನ ಧರ್ಮಸೂತ್ರವೇ ಗುರುತಿಸಿದೆ. ನಮ್ಮ ಭಾಷೆಯೇ ಅದಕ್ಕೆ ಸಾಕ್ಷಿ. ತಾಯಿಯ ಅಣ್ಣತಮ್ಮನೂ ಮಾವ, ಗಂಡನ ಅಪ್ಪನೂ ಮಾವ. ಅಪ್ಪನ ಅಕ್ಕತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ರಕ್ತಸಂಬಂಧಿಗಳ ಮದುವೆಯನ್ನು ನಿಷೇಧಿಸಿದರೂ, ರೂಢಿ ಇದ್ದಲ್ಲಿ ವಿನಾಯಿತಿ ನೀಡಿದೆ. ಆ ವಿನಾಯಿತಿಯ ನೆರಳಿನಲ್ಲೇ ನಮ್ಮ ಮದುವೆಗಳು ಕಾನೂನುಬದ್ಧವಾಗಿವೆ. ಒಕ್ಕಲು ಮನೆಗೆ ಇದರಿಂದ ಆಗುವ ಅನುಕೂಲಗಳು ಕಲ್ಪಿತವಲ್ಲ. ತುಂಡು ಜಮೀನು ಇನ್ನಷ್ಟು ತುಂಡಾಗುವುದಿಲ್ಲ. ಹೊಗೆಸೊಪ್ಪಿನ ಬೆಲೆ ಕುಸಿದ ವರ್ಷ ವರದಕ್ಷಿಣೆಗೆಂದು ಸಾಲ ಎತ್ತಬೇಕಿಲ್ಲ. ಹೆಣ್ಣುಮಗಳು ಅಪರಿಚಿತರ ಮನೆಯಲ್ಲಿ ಕಣ್ಣೀರಿಡುವ ಭಯವಿಲ್ಲ. ಮುಪ್ಪಿನಲ್ಲಿ ಅತ್ತೆಮಾವನನ್ನು ನೋಡಿಕೊಳ್ಳುವವಳು ಒಳಗಿನವಳೇ ಆಗಿರುತ್ತಾಳೆ.

ಈಗ ಇನ್ನೊಂದು ಒತ್ತಡ ಸೇರಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದನ್ನು ಓದುಗರು ಮರೆತಿರಲಾರರು. ಕೆಲವರು ಅದನ್ನು ನಗೆಯಾಡಿದರು. ಹಳ್ಳಿಯಲ್ಲಿರುವವರಿಗೆ ಅದು ನಗುವ ಸಂಗತಿಯಲ್ಲ. ಹೊರಗೆ ಹೆಣ್ಣು ಸಿಗದಿದ್ದಾಗ ಒಳಗಿನ ಹೆಣ್ಣಿನ ಮೇಲೆ ಕಣ್ಣು ಬೀಳುತ್ತದೆ. ಓದುತ್ತಿರುವ ಸೋದರಸೊಸೆಯ ಮೇಲೆ ಋಣದ, ಮಮತೆಯ, ಅಜ್ಜಿಯ ಕಡೆಯಾಸೆಯ ಭಾರ ಬೀಳುತ್ತದೆ. ಸಂಸಾರಗಳು ಚಿಕ್ಕದಾಗಿ ತಾನಾಗಿಯೇ ಕಡಿಮೆಯಾಗಬೇಕಿದ್ದ ಪದ್ಧತಿಗೆ ಈ ಅಭಾವ ಮತ್ತೆ ಜೀವ ತುಂಬೀತೇನೋ ಎಂಬ ಅಳುಕು ನನಗಿದೆ.

ಇನ್ನು ವಿಜ್ಞಾನದ ಮಾತು. ನಮ್ಮ ದೇಹದ ಬಹುಪಾಲು ವಂಶವಾಹಿಗಳು ಜೋಡಿಯಾಗಿರುತ್ತವೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಎರಡರಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುವ ರೋಗಗಳು ಅನೇಕ. ಅಂಥ ವ್ಯಕ್ತಿ ರೋಗಿಯಲ್ಲ, ಕೇವಲ ವಾಹಕ. ಇಂಥ ಒಂದೆರಡು ದೋಷಗಳನ್ನಾದರೂ ಹೊತ್ತಿಲ್ಲದ ಮನುಷ್ಯ ವಿರಳ. ಅಪರಿಚಿತರಿಬ್ಬರು ಮದುವೆಯಾದಾಗ ಇಬ್ಬರಲ್ಲೂ ಅದೇ ದೋಷ ಇರುವ ಸಂಭವ ಕಡಿಮೆ. ಒಂದೇ ಅಜ್ಜಅಜ್ಜಿಯ ಮೊಮ್ಮಕ್ಕಳು ಮದುವೆಯಾದರೆ ಆ ಸಂಭವ ಏರುತ್ತದೆ. ಏಕೆಂದರೆ ಅವರ ವಂಶವಾಹಿಗಳಲ್ಲಿ ಸರಾಸರಿ ಎಂಟನೆಯ ಒಂದು ಭಾಗ ಒಂದೇ ಮೂಲದಿಂದ ಬಂದಿರುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಇದು ನಾಲ್ಕನೆಯ ಒಂದು ಭಾಗ. ಇಬ್ಬರೂ ಒಂದೇ ದೋಷದ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದರಷ್ಟು ಸಂಭವದಲ್ಲಿ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರುತ್ತವೆ.

ಈ ಲೆಕ್ಕವನ್ನು ಹೆದರಿಸಲು ಬಳಸುವುದು ತಪ್ಪು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗು ಜನ್ಮಜಾತ ನ್ಯೂನತೆಯೊಂದಿಗೆ ಹುಟ್ಟುವ ಸಂಭವ ಸಾಮಾನ್ಯವಾಗಿ ನೂರಕ್ಕೆ 3ರಷ್ಟಿದ್ದರೆ, ತಂದೆತಾಯಿ ಅತ್ತೆಮಾವನ ಮಕ್ಕಳು ಅಥವಾ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಾಗಿದ್ದಲ್ಲಿ 6ರಷ್ಟು ಎಂದು ಕಂಡುಬಂತು. ಅಂದರೆ ಅಪಾಯ ದ್ವಿಗುಣ. ಆದರೂ ನೂರರಲ್ಲಿ ತೊಂಬತ್ತನಾಲ್ಕು ಮಕ್ಕಳಿಗೆ ಅಂಥ ನ್ಯೂನತೆಯಿಲ್ಲ. ಈ ಎರಡೂ ಮಾತು ಸತ್ಯ. ಎರಡನ್ನೂ ಒಟ್ಟಿಗೆ ಹೇಳದಿರುವುದೇ ನಮ್ಮ ಆರೋಗ್ಯ ಪ್ರಚಾರದ ಸೋಲು. ‘ಸಂಬಂಧದಲ್ಲಿ ಮದುವೆಯಾದರೆ ಅಂಗವಿಕಲ ಮಗು ಹುಟ್ಟುತ್ತದೆ’ ಎಂದು ಸಾರಿದಾಗ ಹಳ್ಳಿಯ ಹಿರಿಯರು ಸುತ್ತ ನೋಡುತ್ತಾರೆ. ಸೋದರಿಕೆಯಲ್ಲೇ ಮದುವೆಯಾದ ಹತ್ತು ಮನೆಗಳಲ್ಲಿ ಆರೋಗ್ಯವಂತ ಮಕ್ಕಳು ಕಾಣುತ್ತಾರೆ. ಅಲ್ಲಿಗೆ ವೈದ್ಯರ ಮಾತು ಸುಳ್ಳೆಂದು ತೀರ್ಮಾನವಾಗುತ್ತದೆ. ಉತ್ಪ್ರೇಕ್ಷೆ ಹೇಳಿ ನಂಬಿಕೆ ಕಳೆದುಕೊಂಡ ಮೇಲೆ ನಿಜ ಹೇಳಿದರೂ ಕೇಳುವವರಿಲ್ಲ.

ಹಿಂದೆ ಈ ಅಪಾಯ ಕಣ್ಣಿಗೆ ಕಾಣದಿರಲು ಇನ್ನೊಂದು ಕಾರಣವಿತ್ತು. ವಾಂತಿಭೇದಿ, ದಡಾರ, ಧನುರ್ವಾಯುಗಳಿಂದ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ ಅನುವಂಶೀಯ ಕಾಯಿಲೆಯ ಮಗುವಿನ ಸಾವು ಪ್ರತ್ಯೇಕವಾಗಿ ಗೋಚರಿಸುತ್ತಿರಲಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 1992-93ರಲ್ಲಿ ಕರ್ನಾಟಕದಲ್ಲಿ ಸಾವಿರ ಶಿಶುಗಳಲ್ಲಿ ಸುಮಾರು 65 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2019-21ರ ಹೊತ್ತಿಗೆ ಆ ಸಂಖ್ಯೆ ಸುಮಾರು 25ಕ್ಕೆ ಇಳಿದಿತ್ತು. ಲಸಿಕೆಯೂ ಶುದ್ಧ ನೀರೂ ಗೆದ್ದ ಕಡೆ, ಅವು ಗೆಲ್ಲಲಾರದ ಕಾಯಿಲೆಗಳು ಎದ್ದು ಕಾಣತೊಡಗುತ್ತವೆ. ಅಜ್ಜಿ ಎಂಟು ಮಕ್ಕಳನ್ನು ಹೆತ್ತು ಐವರನ್ನು ಉಳಿಸಿಕೊಂಡು ‘ದೇವರು ಕೊಟ್ಟ, ದೇವರು ಕಿತ್ತುಕೊಂಡ’ ಎಂದಳು. ಇಬ್ಬರೇ ಮಕ್ಕಳ ಇಂದಿನ ತಾಯಿಗೆ ಹಾಗೆ ಹೇಳಿ ಸಮಾಧಾನಪಟ್ಟುಕೊಳ್ಳಲು ಸಾಧ್ಯವೇ?

ನಮ್ಮಲ್ಲಿ ಗಟ್ಟಿಯಾಗಿ ಬೇರೂರಿರುವ ಎರಡು ತಪ್ಪು ಕಲ್ಪನೆಗಳನ್ನು ಇಲ್ಲಿ ಹೆಸರಿಸಲೇಬೇಕು. ಮೊದಲನೆಯದು, ಹುಡುಗಹುಡುಗಿಯ ಬ್ಲಡ್ ಗ್ರೂಪ್ ಬೇರೆಯಾಗಿದ್ದರೆ ತೊಂದರೆಯಿಲ್ಲ ಎಂಬುದು. ರಕ್ತದ ಗುಂಪಿಗೂ ಈ ದೋಷಗಳಿಗೂ ಸಂಬಂಧವಿಲ್ಲ. ಗುಂಪು ಬೇರೆಯಿದ್ದ ಮಾತ್ರಕ್ಕೆ ವಂಶವಾಹಿಗಳು ಬೇರೆಯಾಗುವುದಿಲ್ಲ. ಎರಡನೆಯದು, ಮಾವನ ಮಗಳ ಕುಲವೇ ಬೇರೆ, ಬೆಡಗೇ ಬೇರೆ, ಆದ್ದರಿಂದ ರಕ್ತವೂ ಬೇರೆ ಎಂಬುದು. ಚಿಕ್ಕಪ್ಪನ ಮಗಳನ್ನು ತಂಗಿಯೆಂದು ಕರೆದು ಮದುವೆಯ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುವ ನಾವು, ಮಾವನ ಮಗಳನ್ನು ಹಸೆಮಣೆ ಏರಿಸುತ್ತೇವೆ. ಪ್ರಕೃತಿಯ ಲೆಕ್ಕದಲ್ಲಿ ಇಬ್ಬರೂ ಒಂದೇ ದೂರದಲ್ಲಿದ್ದಾರೆ. ಕುಲ ತಂದೆಯ ಕಡೆಯಿಂದ ಮಾತ್ರ ಹರಿಯಬಹುದು. ವಂಶವಾಹಿ ಇಬ್ಬರ ಕಡೆಯಿಂದಲೂ ಹರಿಯುತ್ತದೆ.

ಹಾಗೆಂದು ನಂಟರನ್ನು ಬಿಟ್ಟು ಜಾತಿಯೊಳಗೇ ದೂರದ ಸಂಬಂಧ ನೋಡಿದರೆ ಎಲ್ಲವೂ ಸರಿಹೋಯಿತೆಂದೂ ಅಲ್ಲ. ತಲೆಮಾರುಗಳಿಂದ ಒಳಗೊಳಗೇ ಮದುವೆಯಾಗುತ್ತ ಬಂದ ಸಮುದಾಯವೊಂದರಲ್ಲಿ, ಸಂಬಂಧವೇ ಇಲ್ಲವೆಂದುಕೊಂಡ ಇಬ್ಬರು ಕೂಡ ಯಾವುದೋ ಹಳೆಯ ಪೂರ್ವಜನ ಮೂಲಕ ನಂಟರಾಗಿರುತ್ತಾರೆ. ಹೈದರಾಬಾದಿನ ವಿಜ್ಞಾನಿ ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ ದಕ್ಷಿಣ ಏಷ್ಯಾದ ಹಲವಾರು ಸಮುದಾಯಗಳಲ್ಲಿ ಇಂಥ ಛಾಪನ್ನು ಗುರುತಿಸಿತು. ಅರಿವಳಿಕೆಗೆ ಬಳಸುವ ಒಂದು ಔಷಧಕ್ಕೆ ವೈಶ್ಯ ಸಮುದಾಯದ ಕೆಲವರು ಅಪಾಯಕಾರಿಯಾಗಿ ಪ್ರತಿಕ್ರಿಯಿಸುವುದು ವೈದ್ಯರಿಗೆ ತಿಳಿದಿರುವ ಉದಾಹರಣೆ. ಜಾತಿಯ ಬೇಲಿಗೂ ಆರೋಗ್ಯದ ಬೆಲೆಯಿದೆ ಎಂಬ ಮಾತು ಎಷ್ಟು ಜನರಿಗೆ ಹಿತವಾದೀತೋ ತಿಳಿಯದು, ಆದರೆ ಅದು ಸತ್ಯ.

ಈ ವಿಚಾರದಲ್ಲಿ ದಾರಿ ತೋರಿಸುತ್ತಿರುವುದು, ನಾವು ಹಿಂದುಳಿದವರೆಂದು ಕರೆಯುವ ಹಾಡಿಗಳು ಎಂಬುದು ಗಮನಾರ್ಹ. ಹೆಗ್ಗಡದೇವನಕೋಟೆ ಮತ್ತು ಅದರಿಂದ ಬೇರೆಯಾದ ಸರಗೂರು ತಾಲ್ಲೂಕು, ಹುಣಸೂರಿನ ನಾಗರಹೊಳೆ ಅಂಚಿನ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳಲ್ಲಿ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆಯ ಸಮಸ್ಯೆಯಿದೆ. ಭಾರತದಲ್ಲಿ ಈ ದೋಷವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮಗೆ ಅಷ್ಟೇನೂ ದೂರವಲ್ಲದ ನೀಲಗಿರಿಯ ಬುಡಕಟ್ಟುಗಳಲ್ಲಿ. ಸರಗೂರಿನಲ್ಲಿ ಆಸ್ಪತ್ರೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಕಾಯಿಲೆಯ ಪತ್ತೆ ಮತ್ತು ಚಿಕಿತ್ಸೆಯಲ್ಲಿ ತೊಡಗಿಕೊಂಡಿದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮ 2047ರೊಳಗೆ ಈ ಕಾಯಿಲೆಯನ್ನು ತೊಡೆಯುವ ಗುರಿ ಇಟ್ಟುಕೊಂಡಿದೆ. ಅದರ ವಿಧಾನ ಸರಳ: ರಕ್ತಪರೀಕ್ಷೆ ಮಾಡಿ, ವಾಹಕರೋ ಅಲ್ಲವೋ ಎಂದು ತಿಳಿಸುವ ಕಾರ್ಡ್ ಕೊಟ್ಟು, ಮದುವೆಗೆ ಮುನ್ನ ಎರಡು ಕಾರ್ಡುಗಳನ್ನು ಹೊಂದಿಸಿ ನೋಡಲು ಸಲಹೆ ನೀಡುವುದು. ಜಾತಕ ಹೊಂದಿಸುವವರು ಕಾರ್ಡ್ ಹೊಂದಿಸಲಾರರೇ? ಹಾಡಿಯ ಹುಡುಗಿಯಿಂದ ನಿರೀಕ್ಷಿಸುವ ಈ ವಿವೇಕವನ್ನು ಹುಣಸೂರು ಪಟ್ಟಣದ ಪದವೀಧರನಿಂದ ನಾವು ಏಕೆ ನಿರೀಕ್ಷಿಸುವುದಿಲ್ಲ?

ಈಗ ನನ್ನ ಮನೆಯ ಲೆಕ್ಕ. ಮಗನಿಗೆ ಎರಡು ವರ್ಷವಾದರೂ ಮಾತು ಬಾರದಿದ್ದಾಗ ಕೆಲವರು ಹರಕೆ ಹೇಳಿದರು, ಕೆಲವರು ಗ್ರಹಣ ಕಾಲದಲ್ಲಿ ಹೊರಗೆ ಬಂದಿದ್ದೆಯೆಂದು ನನ್ನ ಹೆಂಡತಿಯನ್ನೇ ದೂರಿದರು. ಕೊನೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. 1965ರಲ್ಲಿ ಆರಂಭವಾದ ಆ ಸಂಸ್ಥೆ ನಮ್ಮಂಥ ಎಷ್ಟು ಸಂಸಾರಗಳಿಗೆ ಆಸರೆಯಾಗಿದೆಯೋ ಲೆಕ್ಕವಿಲ್ಲ. ‘ನಿಮ್ಮದು ಸಂಬಂಧದೊಳಗಿನ ಮದುವೆಯೇ?’ ಎಂದು ಅಲ್ಲಿ ಕೇಳಿದಾಗ ನಾನು ತಲೆ ತಗ್ಗಿಸಿದೆ. ಕೇಳಿದವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಆದರೆ ಆ ಪ್ರಶ್ನೆಯನ್ನು ಮದುವೆಗೆ ಮುನ್ನ ನನ್ನನ್ನು ಯಾರೂ ಕೇಳಿರಲಿಲ್ಲ.

ಮಗನ ಕಿವುಡು ಈ ಬಗೆಯ ಅನುವಂಶೀಯ ದೋಷದಿಂದಲೇ ಬಂದದ್ದಾದರೆ ನಾನೂ ನನ್ನ ಹೆಂಡತಿಯೂ ಇಬ್ಬರೂ ವಾಹಕರು. ಕಿವಿ ಕೇಳುವ ನಮ್ಮ ಮಗಳು ವಾಹಕಳಾಗಿರುವ ಸಂಭವ ಮೂರರಲ್ಲಿ ಎರಡು. ಆ ದೋಷ ನಮ್ಮಿಬ್ಬರಿಗೂ ಸಮಾನರಾದ ಅಜ್ಜಅಜ್ಜಿಯಿಂದ ಇಳಿದು ಬಂದಿದ್ದರೆ, ಹೆಂಡತಿಯ ಅಣ್ಣ ವಾಹಕರಾಗಿರುವ ಸಂಭವ ಎರಡರಲ್ಲಿ ಒಂದು, ಅವರ ಮಗನದು ನಾಲ್ಕರಲ್ಲಿ ಒಂದು. ಇವರಿಬ್ಬರಿಗೆ ಹುಟ್ಟುವ ಪ್ರತಿ ಮಗುವೂ ಕಿವುಡಾಗುವ ಸಂಭವ 24ರಲ್ಲಿ ಒಂದು ಎಂದಾಗುತ್ತದೆ. ನಂಟಲ್ಲದ ಹುಡುಗನಾಗಿದ್ದು, ಅಂಥವರ ಪೈಕಿ ಐವತ್ತರಲ್ಲಿ ಒಬ್ಬ ವಾಹಕನೆಂದು ಊಹಿಸಿಕೊಂಡರೆ ಅದೇ ಸಂಭವ 300ರಲ್ಲಿ ಒಂದು. ಸಾಮಾನ್ಯ ಸೋದರಿಕೆ ಮದುವೆ ಬೇರೆ, ಮನೆಯಲ್ಲಿ ಈಗಾಗಲೇ ಒಂದು ಮಗು ಅನುವಂಶೀಯ ತೊಂದರೆಯಿಂದ ಹುಟ್ಟಿರುವಾಗ ಮತ್ತೆ ಅದೇ ವಂಶದೊಳಗೆ ನಡೆಯುವ ಮದುವೆ ಬೇರೆ ಎಂಬುದನ್ನು ಈ ಲೆಕ್ಕ ತಿಳಿಸುತ್ತದೆ. ತಲೆಮಾರಿನ ಮೇಲೆ ತಲೆಮಾರು ಹೀಗೆಯೇ ನಡೆದುಕೊಂಡು ಬಂದರೆ ಅಪಾಯವೂ ಕೂಡುತ್ತ ಹೋಗುತ್ತದೆ.

ಇಲ್ಲಿ ಒಂದು ನೈತಿಕ ತೊಡಕಿದೆ, ಅದನ್ನು ಮರೆಮಾಚಬಾರದು. ‘ಇಂಥ ಮಗು ಹುಟ್ಟಬಾರದು’ ಎಂದು ನಾನು ವಾದಿಸಿದರೆ, ಜಗಲಿಯ ಮೇಲೆ ಕುಳಿತ ನನ್ನ ಮಗನಿಗೆ ನಾನು ಏನು ಹೇಳಿದಂತಾಯಿತು? ಅವನು ಐಟಿಐ ಮುಗಿಸಿ ದುಡಿಯುತ್ತಿದ್ದಾನೆ, ಮನೆಗೆ ಹಣ ಕೊಡುತ್ತಾನೆ, ಕೈಸನ್ನೆಯಲ್ಲಿ ನಮ್ಮೆಲ್ಲರನ್ನೂ ನಗಿಸುತ್ತಾನೆ. ಅವನ ಬದುಕು ತಪ್ಪೊಂದರ ಫಲವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅವನಿಗೆ ನೀಡಿದ್ದು ಕರುಣೆಯಲ್ಲ, ಹಕ್ಕು. ಹುಟ್ಟಿದ ಮಗುವಿಗೆ ಪೂರ್ಣ ಗೌರವ, ಹುಟ್ಟಲಿರುವ ಮಗುವಿನ ಬಗ್ಗೆ ಪೂರ್ಣ ಎಚ್ಚರ. ಇವೆರಡೂ ಒಟ್ಟಿಗೆ ಇರಲು ಸಾಧ್ಯ, ಇರಲೇಬೇಕು. ಏಕೆಂದರೆ ಎಲ್ಲ ಅನುವಂಶೀಯ ಕಾಯಿಲೆಗಳೂ ಕಿವುಡಿನಷ್ಟು ಸೌಮ್ಯವಲ್ಲ. ಕೆಲವು ಮಗುವನ್ನು ವರ್ಷಗಟ್ಟಲೆ ನರಳಿಸಿ ಕೊಲ್ಲುತ್ತವೆ. ಕೆಲವಕ್ಕೆ ಔಷಧವಿದ್ದರೂ ಅದರ ಬೆಲೆ ಕೋಟಿಗಳಲ್ಲಿದೆ. ಆ ನೋವು ಸಂಬಂಧ ಕುದುರಿಸಿದ ಹಿರಿಯರದಲ್ಲ, ಮಗುವಿನದು ಮತ್ತು ಬಹುಪಾಲು ಅದರ ತಾಯಿಯದು.

ಹಾಗಾದರೆ ನಿಷೇಧವೇ ಪರಿಹಾರವೇ? ಚೀನಾ 1980ರ ವಿವಾಹ ಕಾಯ್ದೆಯಲ್ಲಿ ಇಂಥ ಮದುವೆಗಳನ್ನು ನಿಷೇಧಿಸಿತು. ನಾರ್ವೆ 2024ರಲ್ಲಿ ನಿಷೇಧದ ಕಾನೂನು ಒಪ್ಪಿತು. ನಮ್ಮಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರಗಳನ್ನು ಏಕಾಏಕಿ ಅಪರಾಧಿಗಳನ್ನಾಗಿಸುವ ಕಾನೂನು ಜಾರಿಯಾಗಲಾರದು, ನ್ಯಾಯವೂ ಆಗಲಾರದು. ಬಾಲ್ಯವಿವಾಹ ನಿಷೇಧವಾಗಿ ದಶಕಗಳು ಕಳೆದರೂ ಅದು ಗುಟ್ಟಾಗಿ ನಡೆಯುತ್ತಲೇ ಇರುವುದನ್ನು ಕಂಡವರು ನಾವು. ಬ್ರಾಡ್‌ಫರ್ಡ್ ಅಧ್ಯಯನವೇ ಇನ್ನೊಂದು ಸಂಗತಿ ಹೇಳಿತು: ಮೂವತ್ತನಾಲ್ಕು ದಾಟಿದ ಬ್ರಿಟಿಷ್ ತಾಯಂದಿರಲ್ಲೂ ಅಪಾಯ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅವರಿಗೆ ಹೆರಬೇಡಿ ಎಂದು ಯಾರೂ ಕಾನೂನು ಮಾಡುವುದಿಲ್ಲ. ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತಾರೆ.

ನಮಗೆ ಬೇಕಾದದ್ದೂ ಅದೇ. ಆಶಾ ಕಾರ್ಯಕರ್ತೆ ಬಸುರಿಯ ಮನೆಗೆ ಹೋದಾಗ ಗಂಡಹೆಂಡಿರ ನಂಟು ಯಾವುದು, ವಂಶದಲ್ಲಿ ಕಿವುಡು, ಬುದ್ಧಿಮಾಂದ್ಯ, ಕಾರಣ ತಿಳಿಯದ ಶಿಶುಮರಣ ಇದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಇದ್ದಲ್ಲಿ ಮುಂದಿನ ಸಲಹೆಗೆ ಕಳುಹಿಸಬೇಕು. ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೆ ಒಂದು ದಿನವಾದರೂ ಅನುವಂಶೀಯ ಕಾಯಿಲೆಗಳ ಬಗ್ಗೆ ತಿಳಿದವರು ಕುಳಿತು ಕನ್ನಡದಲ್ಲಿ ಸಲಹೆ ನೀಡುವಂತಾಗಬೇಕು. 1924ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಇರುವ ಮೈಸೂರಿಗೆ ಇದು ಅಸಾಧ್ಯವಲ್ಲ. ಹುಟ್ಟಿದ ಪ್ರತಿ ಮಗುವಿನ ಕಿವಿಯನ್ನು ಆಸ್ಪತ್ರೆ ಬಿಡುವ ಮುನ್ನವೇ ಪರೀಕ್ಷಿಸಬೇಕು. ನನ್ನ ಮಗನಿಗೆ ಎರಡು ವರ್ಷ ತಡವಾಯಿತು. ಆ ಎರಡು ವರ್ಷ ಭಾಷೆ ಕಲಿಯುವ ಬೆಲೆಬಾಳುವ ಕಾಲ.

ಇನ್ನುಳಿದದ್ದು ಸರ್ಕಾರದ ಕೆಲಸವಲ್ಲ, ನಮ್ಮದು. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದನ್ನಾದರೂ ಹಿರಿಯರು ನಿಲ್ಲಿಸಬೇಕು. ಅಲ್ಲಿ ಅಪಾಯ ಅತಿ ಹೆಚ್ಚು. ಜೊತೆಗೆ, ಎತ್ತಿ ಬೆಳೆಸಿದವನಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಆ ಹುಡುಗಿಗೆ ನಿಜಕ್ಕೂ ಇರುವುದಿಲ್ಲ. ತೊಟ್ಟಿಲಲ್ಲಿರುವಾಗಲೇ ಮಾತು ಕೊಡುವುದು ಬಿಡಬೇಕು. ದೋಷವುಳ್ಳ ಮಗು ಹುಟ್ಟಿದಾಗ ಸೊಸೆಯನ್ನು ದೂರುವುದು ನಿಲ್ಲಬೇಕು. ಆ ದೋಷ ಗಂಡನಲ್ಲೂ ಅಷ್ಟೇ ಇರುತ್ತದೆ ಎಂಬುದು ಮೇಲಿನ ಲೆಕ್ಕದಲ್ಲೇ ಇದೆ.

ಆ ದಿನ ಹೆಂಡತಿಯ ಅಣ್ಣನಿಗೆ ನಾನು ಆಗಲೂ ಎನ್ನಲಿಲ್ಲ, ಆಗದೂ ಎನ್ನಲಿಲ್ಲ. ಮಗಳನ್ನು ಕರೆದು ಕೇಳಿದೆ. ‘ನೀವೆಲ್ಲ ಮಾತಾಡಿ ಮುಗಿಸಿದ ಮೇಲೆ ನನ್ನನ್ನು ಕೇಳುತ್ತಿದ್ದೀರಿ ಅಪ್ಪಾಜಿ’ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಣ್ಣನದು ಏನೆಂದು ಮೊದಲು ಪರೀಕ್ಷೆ ಮಾಡಿಸಿ. ಆಮೇಲೆ ನಮ್ಮಿಬ್ಬರದೂ ಮಾಡಿಸಿ. ಅಲ್ಲಿಯವರೆಗೆ ಯಾರೂ ಎಲೆಅಡಿಕೆ ಮುಟ್ಟಬೇಡಿ’ ಎಂದಳು. ದೋಷ ಯಾವುದೆಂದು ಗೊತ್ತಾಗಿ, ಇಬ್ಬರಲ್ಲಿ ಒಬ್ಬರಾದರೂ ಅದರ ವಾಹಕರಲ್ಲವೆಂದು ತಿಳಿದರೆ ಆ ಒಂದು ಭಯವಂತೂ ನೀಗುತ್ತದೆ. ಇಬ್ಬರೂ ವಾಹಕರೆಂದಾದರೆ ತೀರ್ಮಾನ ಅವರದು, ಕಣ್ಣು ತೆರೆದು ಮಾಡಿದ ತೀರ್ಮಾನ.

ಅವರ ಮಾವ ಮುನಿಸಿಕೊಂಡೇ ಎದ್ದು ಹೋದರು. ಮುನಿಸು ಹಬ್ಬ ಬಂದರೆ ಕರಗುತ್ತದೆ, ನಂಟು ಉಳಿಯುತ್ತದೆ. ನನ್ನ ತಲೆಮಾರಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನನ್ನ ಮಗಳು ಕೇಳಿದ್ದಾಳೆ. ನಮ್ಮ ನಾಲ್ಕು ತಾಲ್ಲೂಕುಗಳ ಮನೆಮನೆಯ ಜಗಲಿಯಲ್ಲೂ, ಎಲೆಅಡಿಕೆ ಬದಲಾಗುವ ಮುನ್ನ, ಆ ಪ್ರಶ್ನೆ ಕೇಳಿಬರಲಿ.